ಕ್ಷಮಿಸಲು ಆಗದಿದ್ದರೆ ನಾನು ಕೆಟ್ಟವಳೇ?

ಪ್ರಶ್ನೆ: ಎರಡೂವರೆ ವರ್ಷದ ಹಿಂದೆ ಹೊಲದ ಬದುವಿನ ಜಗಳದಲ್ಲಿ ನನ್ನ ತಮ್ಮನನ್ನು ಕೊಂದರು. ಆರೋಪಿ ನಮ್ಮೂರಿನವನೇ, ಜಾಮೀನಿನ ಮೇಲೆ ಹೊರಗಿದ್ದಾನೆ. ಕೇಸು ನಡೆಯುತ್ತಿದೆ, ನಾನು ಸಾಕ್ಷಿ ಹೇಳಬೇಕು. ಈಚೆಗೆ ನಮ್ಮ ದೊಡ್ಡಪ್ಪನ ಮಗ ವಾಟ್ಸ್ಆಪ್‌ನಲ್ಲಿ ಒಂದು ಸಂದೇಶ ಕಳಿಸಿದ. ಅಮೆರಿಕದ ಆಮಿಶ್ ಎಂಬ ಜನ ತಮ್ಮ ಹೆಣ್ಣುಮಕ್ಕಳನ್ನು ಕೊಂದವನನ್ನು ಅವತ್ತೇ ಕ್ಷಮಿಸಿದರಂತೆ. ಕೆಳಗೆ 'ನೋಡಿ ಕಲಿತುಕೋ, ರಾಜಿ ಮಾಡಿಕೊಂಡುಬಿಡು' ಎಂದು ಬರೆದಿದ್ದ. ಅದು ನಿಜವೇ ಮೇಡಂ? ಕೆಲವೇ ಗಂಟೆಯಲ್ಲಿ ಕ್ಷಮಿಸಲು ಮನುಷ್ಯರಿಂದ ಆಗುತ್ತದೆಯೇ? ಆರೋಪಿಯ ತಾಯಿ ಸಂತೆಯಲ್ಲಿ ಎದುರಾದರೆ ಸಾಕು, ನನ್ನ ಮೈ ನಡುಗುತ್ತದೆ. ನಾನು ಕೆಟ್ಟವಳೇ? (ಹೆಸರು, ಊರು ಬೇಡ)

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಇಲ್ಲ, ನೀವು ಕೆಟ್ಟವರಲ್ಲ. ಒಡಹುಟ್ಟಿದವನನ್ನು ಕಳೆದುಕೊಂಡ ಯಾರಿಗಾದರೂ ಮೈ ನಡುಗುತ್ತದೆ. ಎರಡೂವರೆ ವರ್ಷ ಅದಕ್ಕೆ ದೊಡ್ಡ ಅವಧಿಯೂ ಅಲ್ಲ.

ನಿಮಗೆ ಬಂದ ಕಥೆ ಸುಳ್ಳಲ್ಲ. ಆದರೆ ಅದರ ಹಿಂದಿನದನ್ನೂ ಮುಂದಿನದನ್ನೂ ಕತ್ತರಿಸಿ, ನಡುವಿನ ಒಂದು ತುಂಡನ್ನು ಮಾತ್ರ ನಿಮ್ಮ ಕೈಗೆ ಕೊಟ್ಟಿದ್ದಾರೆ. ನಾನು ಬಹಳ ವರ್ಷ ಯುರೋಪಿನ ಧಾರ್ಮಿಕ ಚರಿತ್ರೆಯನ್ನು ಪಾಠ ಮಾಡಿದವಳು. ಆಮಿಶರು ಕ್ರೈಸ್ತರಲ್ಲೇ ಒಂದು ಸಣ್ಣ ಪಂಗಡ. ಅವರ ಪೂರ್ವಜರ ಕಥೆಯನ್ನು ತರಗತಿಯಲ್ಲಿ ಹೇಳುವಾಗಲೆಲ್ಲ ನನ್ನ ಗಂಟಲು ಕಟ್ಟಿದೆ. ಅಂಥ ಜನರ ನೋವನ್ನು ನಿಮ್ಮ ಮೇಲೆ ಬೀಸುವ ಕೋಲನ್ನಾಗಿ ಮಾಡಿದ್ದಾರಲ್ಲ ಎಂಬ ಸಂಕಟದಿಂದಲೇ ಇಷ್ಟು ಉದ್ದ ಬರೆಯುತ್ತಿದ್ದೇನೆ. ಪುರುಸೊತ್ತಾದಾಗ ಓದಿ.

ಮೊದಲು ನಡೆದದ್ದು ಏನು ಎಂಬುದು. ಪೆನ್ಸಿಲ್ವೇನಿಯಾ ರಾಜ್ಯದ ಲ್ಯಾಂಕಾಸ್ಟರ್ ಕೌಂಟಿಯಲ್ಲಿ ನಿಕಲ್ ಮೈನ್ಸ್ ಎಂಬ ಪುಟ್ಟ ಊರಿದೆ. ಅಲ್ಲಿ ಆಮಿಶ್ ಮಕ್ಕಳಿಗೆ ಒಂದೇ ಕೋಣೆಯ ಶಾಲೆ, ಎಲ್ಲ ತರಗತಿಯ ಮಕ್ಕಳೂ ಒಟ್ಟಿಗೆ ಕೂತು ಕಲಿಯುವಂಥದ್ದು. 2006ರ ಅಕ್ಟೋಬರ್ 2, ಸೋಮವಾರ ಬೆಳಿಗ್ಗೆ ಹತ್ತೂವರೆಯ ಸುಮಾರಿಗೆ ಅಕ್ಕಪಕ್ಕದಲ್ಲೇ ವಾಸವಿದ್ದ 32 ವರ್ಷದ ಒಬ್ಬ ಬಂದೂಕು ಹಿಡಿದು ಒಳಗೆ ಬಂದ. ಅವನು ಆಮಿಶ್ ಅಲ್ಲ. ಆ ಸೀಮೆಯ ಆಮಿಶ್ ಹೈನುಗಾರರ ಮನೆಗಳಿಂದ ಟ್ಯಾಂಕರಿನಲ್ಲಿ ಹಾಲು ಸಾಗಿಸುತ್ತಿದ್ದವನು. ಗಂಡುಮಕ್ಕಳನ್ನು ಹೊರಗೆ ಕಳಿಸಿದ. ಶಿಕ್ಷಕಿ ತಪ್ಪಿಸಿಕೊಂಡು ಹೊಲದ ಮೇಲೆ ಓಡಿ ಹತ್ತಿರದ ಮನೆಯಿಂದ ಪೊಲೀಸರಿಗೆ ಸುದ್ದಿ ಮುಟ್ಟಿಸಿದಳು. ಒಳಗೆ ಉಳಿದ 6ರಿಂದ 13 ವರ್ಷದ ಹತ್ತು ಹೆಣ್ಣುಮಕ್ಕಳಿಗೆ ಅವನು ಗುಂಡು ಹೊಡೆದು, ತಾನೂ ಹೊಡೆದುಕೊಂಡು ಸತ್ತ. ಐದು ಮಕ್ಕಳು ತೀರಿಕೊಂಡವು. ಅವನ ಸಿಟ್ಟಿನ ಬೇರು ಒಂಬತ್ತು ವರ್ಷ ಹಿಂದಿನದು. ದಿನ ತುಂಬದೆ ಹುಟ್ಟಿದ ಅವನ ಹೆಣ್ಣುಕೂಸು ಇಪ್ಪತ್ತು ನಿಮಿಷ ಬದುಕಿ ತೀರಿಕೊಂಡಿತ್ತು. ಅದಕ್ಕಾಗಿ ತಾನು ದೇವರನ್ನೇ ದ್ವೇಷಿಸುತ್ತೇನೆ ಎಂದು ಹೆಂಡತಿಗೆ ಬರೆದಿಟ್ಟು ಬಂದಿದ್ದ.

ಅವತ್ತೇ ಸಂಜೆಯ ಹೊತ್ತಿಗೆ ಆಮಿಶ್ ನೆರೆಯವರು ಅವನ ಹೆಂಡತಿ ಮಕ್ಕಳನ್ನು ಹುಡುಕಿಕೊಂಡು ಹೋದರು, ಅವನ ತಂದೆತಾಯಿಯ ಮನೆಗೂ ಹೋದರು. 'ನಿಮ್ಮ ಮೇಲೆ ನಮಗೆ ಹಗೆಯಿಲ್ಲ, ನೀವು ಈ ಊರು ಬಿಟ್ಟು ಹೋಗಬೇಡಿ' ಎಂಬುದು ಅವರ ಮಾತಿನ ಸಾರ. ಶನಿವಾರ, ಅಕ್ಟೋಬರ್ 7ರಂದು ಅವನನ್ನು ಮಣ್ಣು ಮಾಡಿದಾಗ ಅಲ್ಲಿದ್ದ ಸುಮಾರು 75 ಜನರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಆಮಿಶರು. ಅವರಲ್ಲಿ ಒಂದೆರಡು ದಿನದ ಹಿಂದಷ್ಟೇ ತಮ್ಮ ಮಗಳನ್ನು ಮಣ್ಣು ಮಾಡಿ ಬಂದವರೂ ಇದ್ದರು. ಕ್ಯಾಮೆರಾ ಹಿಡಿದವರಿಗೆ ಆ ವಿಧವೆ ಕಾಣದಂತೆ ಅಡ್ಡ ನಿಂತವರೂ ಅವರೇ. ಲೋಕದ ನಾನಾ ಕಡೆಯಿಂದ ಬಂದ ನೆರವಿನ ಹಣ 40 ಲಕ್ಷ ಡಾಲರ್ ದಾಟಿತು. ಅದರಲ್ಲಿ ಒಂದು ಪಾಲು ಅವನ ಹೆಂಡತಿ ಮಕ್ಕಳಿಗೂ ಸಿಗುವಂತೆ ಆಮಿಶರು ನೋಡಿಕೊಂಡರು.

ನಿಮ್ಮ ಫೋನಿಗೆ ಬಂದದ್ದು ಇಷ್ಟು. ಇದನ್ನು ಓದಿದರೆ ಅವರೇನು ದೇವತೆಗಳೋ, ಇಲ್ಲ ಅವರಿಗೆ ಕರುಳೇ ಇಲ್ಲವೋ ಎನಿಸುವುದು ಸಹಜ. ನನ್ನ ವಿದ್ಯಾರ್ಥಿಗಳೂ ಈ ಎರಡರಲ್ಲಿ ಒಂದನ್ನು ಹೇಳುತ್ತಿದ್ದರು. ಎರಡೂ ಸರಿಯಲ್ಲ ಎಂದು ತಿಳಿಯಬೇಕಾದರೆ ಹಿಂದಕ್ಕೆ, ಬಹಳ ಹಿಂದಕ್ಕೆ ಹೋಗಬೇಕು.

ಹೆಸರಿನಿಂದಲೇ ಹೊರಡೋಣ. ನಮ್ಮ 'ಆಮಿಷ' ಎಂಬ ಪದಕ್ಕೂ ಇವರಿಗೂ ನಂಟಿಲ್ಲ. 1693ರಲ್ಲಿ ಸ್ವಿಟ್ಜರ್ಲೆಂಡ್ ಮತ್ತು ಅಲ್ಸಾಸ್ ಕಡೆ ಒಂದು ಪಂಗಡ ಬೇರೆಯಾದಾಗ ಅದರ ಮುಂದಾಳಾಗಿದ್ದ ಯಾಕೋಬ್ ಅಮ್ಮಾನ್‌ನಿಂದ ಬಂದ ಹೆಸರು ಅದು. ಆದರೆ ಮೂಲ ಇನ್ನೂ ಹಳೆಯದು. 1525ರ ಜನವರಿಯಲ್ಲಿ ಜ್ಯೂರಿಕ್ ನಗರದಲ್ಲಿ ಕೆಲವರು ಸೇರಿ, ಹಸುಗೂಸಿಗೆ ದೀಕ್ಷಾಸ್ನಾನ (ಕ್ರೈಸ್ತ ಮತಕ್ಕೆ ಸೇರಿಸಿಕೊಳ್ಳುವ ನೀರಿನ ಸಂಸ್ಕಾರ) ಕೊಡುವುದರಲ್ಲಿ ಅರ್ಥವಿಲ್ಲ, ತಿಳಿವಳಿಕೆ ಬಂದ ಮೇಲೆ ತಾನೇ ಒಪ್ಪಿ ಪಡೆಯಬೇಕು ಎಂದು ದೊಡ್ಡವರಾದ ಮೇಲೆ ಒಬ್ಬರಿಗೊಬ್ಬರು ದೀಕ್ಷಾಸ್ನಾನ ಕೊಟ್ಟುಕೊಂಡರು. ಅವರನ್ನು ಅನಾಬ್ಯಾಪ್ಟಿಸ್ಟರು, ಅಂದರೆ ಮತ್ತೊಮ್ಮೆ ದೀಕ್ಷೆ ಪಡೆದವರು ಎಂದು ಕರೆದರು. ಇಂದು ಕೇಳಿದರೆ ಸಣ್ಣ ವಿಷಯ. ಅಂದು ಅದು ಪ್ರಭುತ್ವದ ಮೇಲಿನ ದಂಗೆ. 1527ರ ಜನವರಿ 5ರಂದು ಅವರಲ್ಲೊಬ್ಬನಾದ ಫೆಲಿಕ್ಸ್ ಮಾನ್ಜ್‌ನನ್ನು ಕೈಕಾಲು ಕಟ್ಟಿ ಲಿಮ್ಮಾಟ್ ನದಿಯಲ್ಲಿ ಮುಳುಗಿಸಿ ಕೊಂದರು. ಮುಂದೆ ಎಷ್ಟೋ ಸಾವಿರ ಜನರನ್ನು ಸುಟ್ಟರು, ಮುಳುಗಿಸಿದರು, ತಲೆ ಕಡಿದರು. ಹಾಗಿದ್ದರೂ ಕತ್ತಿಗೆ ಕತ್ತಿ ಎತ್ತುವುದಿಲ್ಲ ಎಂಬುದು ಅವರು ತೊಟ್ಟ ಪಣ.

ಅವರ ಮನೆಮನೆಯಲ್ಲಿ ಹೇಳುವ ಕಥೆ ಡಿರ್ಕ್ ವಿಲ್ಲೆಮ್ಸ್‌ನದು. ನೆದರ್‌ಲ್ಯಾಂಡ್ಸ್‌ನ ಆಸ್ಪೆರೆನ್ ಊರಿನವನು. 1569ರಲ್ಲಿ ಸೆರೆಮನೆಯ ಕಿಟಕಿಯಿಂದ ಬಟ್ಟೆಯ ತುಂಡುಗಳನ್ನು ಗಂಟುಹಾಕಿ ಇಳಿದು ಓಡಿದ. ಎದುರಿಗೆ ನೀರು, ಮೇಲೆ ತೆಳುವಾದ ಹಿಮದ ಪದರ. ಸೆರೆಮನೆಯ ಅರೆಹೊಟ್ಟೆಯ ಊಟದಿಂದ ಸೊರಗಿದ್ದ ಡಿರ್ಕ್ ದಾಟಿಬಿಟ್ಟ. ಬೆನ್ನಟ್ಟಿ ಬಂದವನು ಪದರ ಒಡೆದು ನೀರಿಗೆ ಬಿದ್ದು ಕೂಗಿಕೊಂಡ. ಡಿರ್ಕ್ ತಿರುಗಿ ಬಂದು ಅವನನ್ನು ಎಳೆದು ಬದುಕಿಸಿದ. ಬದುಕಿದವನು ಅವನನ್ನು ಬಿಟ್ಟುಬಿಡೋಣ ಎಂದನಂತೆ. ದಡದಲ್ಲಿ ನಿಂತ ಅಧಿಕಾರಿ ಬಿಡಲಿಲ್ಲ. ಮೇ 16ರಂದು ಡಿರ್ಕ್‌ನನ್ನು ಜೀವಂತ ಸುಟ್ಟರು. ಗಾಳಿ ಬೀಸುತ್ತಿದ್ದುದರಿಂದ ಬೆಂಕಿ ಒಂದೇ ಕಡೆಗೆ ವಾಲಿ, ಸಾವು ತಡವಾಗಿ ಬಂತು.

ಈ ಕಥೆಯಲ್ಲಿ ಡಿರ್ಕ್ ಗೆಲ್ಲುವುದಿಲ್ಲ, ಕೊನೆಗೆ ಯಾರೂ ಅವನನ್ನು ಕಾಪಾಡುವುದಿಲ್ಲ. ಹಾಗಿದ್ದೂ ಮಕ್ಕಳಿಗೆ ಹೇಳುತ್ತಾರೆ. ಒಳ್ಳೆಯದು ಮಾಡಿದರೆ ಒಳ್ಳೆಯದಾಗುತ್ತದೆ ಎಂಬ ಭರವಸೆಯನ್ನೇ ಕೊಡದೆ, ಮಾಡಬೇಕಾದ್ದು ಇದು ಎಂದಷ್ಟೇ ಕಲಿಸುವ ಮನೆತನದಲ್ಲಿ ಬೆಳೆದ ಮಗು ಹೇಗಿದ್ದೀತು, ಸ್ವಲ್ಪ ಯೋಚಿಸಿ.

ಅಮೆರಿಕಕ್ಕೆ ಬಂದ ಮೇಲೂ ಇದು ಮುಂದುವರಿಯಿತು. 1757ರ ಸೆಪ್ಟೆಂಬರಿನಲ್ಲಿ, ಫ್ರೆಂಚರಿಗೂ ಇಂಗ್ಲಿಷರಿಗೂ ಯುದ್ಧ ನಡೆಯುತ್ತಿದ್ದಾಗ, ಪೆನ್ಸಿಲ್ವೇನಿಯಾದ ನಾರ್ತ್‌ಕಿಲ್ ಎಂಬಲ್ಲಿ ಯಾಕೋಬ್ ಹಾಕ್‌ಸ್ಟೆಟ್ಲರ್ ಎಂಬ ಆಮಿಶ್ ರೈತನ ಮನೆಗೆ ಡೆಲಾವೇರ್ ಮತ್ತು ಶಾನೀ ಬುಡಕಟ್ಟಿನ ಯೋಧರು ಮುತ್ತಿಗೆ ಹಾಕಿದರು. ಮನೆಯಲ್ಲಿ ಬೇಟೆಯ ಬಂದೂಕುಗಳಿದ್ದವು, ಗಂಡುಮಕ್ಕಳು ಕೈಗೆತ್ತಿಕೊಂಡೂ ಆಗಿತ್ತು. ಅಪ್ಪ ತಡೆದ. ಅವನ ಹೆಂಡತಿ, ಒಬ್ಬ ಮಗ, ಒಬ್ಬ ಮಗಳು ಸತ್ತರು. ಅವನನ್ನೂ ಉಳಿದ ಇಬ್ಬರು ಹುಡುಗರನ್ನೂ ಸೆರೆ ಹಿಡಿದು ಒಯ್ದರು. ನನಗೆ ಆ ಅಪ್ಪ ಮಾಡಿದ್ದು ಸರಿ ಎಂದು ಎದೆ ಮುಟ್ಟಿ ಹೇಳಲು ಇವತ್ತಿಗೂ ಆಗುವುದಿಲ್ಲ. ಆದರೆ ಆ ಜನರ ನೆನಪಿನಲ್ಲಿ ಈ ಸಂಗತಿ ಎಷ್ಟು ಆಳಕ್ಕಿಳಿದಿದೆ ಎಂಬುದನ್ನು ನೀವು ತಿಳಿಯಬೇಕು.

ಇನ್ನು ದಿನನಿತ್ಯದ ಮಾತು. ಅದೇ ಮುಖ್ಯವಾದದ್ದು. ಆಮಿಶ್ ಮಗು ನಾಲ್ಕೈದು ವರ್ಷಕ್ಕೇ ಕರ್ತನ ಪ್ರಾರ್ಥನೆ, ಅಂದರೆ ಯೇಸು ಕಲಿಸಿಕೊಟ್ಟ ಪ್ರಾರ್ಥನೆ, ಕಲಿಯುತ್ತದೆ. ಬೆಳಿಗ್ಗೆ, ರಾತ್ರಿ, ಊಟದ ಹೊತ್ತಿಗೆ, ಎರಡು ವಾರಕ್ಕೊಮ್ಮೆ ಯಾರದಾದರೂ ಮನೆಯಲ್ಲೋ ಕೊಟ್ಟಿಗೆಯಲ್ಲೋ ಸೇರುವ ಭಾನುವಾರದ ಆರಾಧನೆಯಲ್ಲಿ, ಹೀಗೆ ಜೀವಮಾನವಿಡೀ ಅದೇ ಪ್ರಾರ್ಥನೆ. ಅದರ ನಡುವೆ ಒಂದು ಸಾಲಿದೆ: ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸಿದಂತೆ ನಮ್ಮ ತಪ್ಪುಗಳನ್ನೂ ಕ್ಷಮಿಸು. ಬೈಬಲಿನ ಮತ್ತಾಯನ ಸುವಾರ್ತೆಯಲ್ಲಿ ಈ ಪ್ರಾರ್ಥನೆ ಮುಗಿದ ಕೂಡಲೇ ಯೇಸು ಅದರ ಒಂದೇ ಒಂದು ಸಾಲನ್ನು ಎತ್ತಿಕೊಂಡು ಮತ್ತೆ ವಿವರಿಸುತ್ತಾನೆ, ಅದು ಈ ಸಾಲು. ನೀವು ಜನರನ್ನು ಕ್ಷಮಿಸದಿದ್ದರೆ ದೇವರೂ ನಿಮ್ಮನ್ನು ಕ್ಷಮಿಸುವುದಿಲ್ಲ ಎಂದು. ಆಮಿಶರು ಇದನ್ನು ಅಕ್ಷರಕ್ಕೆ ಅಕ್ಷರ ನಂಬುತ್ತಾರೆ. ಇದರಲ್ಲಿ ಭಯವೂ ಇದೆ, ಮುಚ್ಚಿಡುವುದಿಲ್ಲ.

ವರ್ಷಕ್ಕೆ ಎರಡು ಸಲ, ವಸಂತದಲ್ಲಿ ಮತ್ತು ಸುಗ್ಗಿ ಕಾಲದಲ್ಲಿ, ಅವರಿಗೆ ಪ್ರಭು ಭೋಜನ, ಅಂದರೆ ಯೇಸುವಿನ ಕೊನೆಯ ಊಟದ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಆಚರಣೆ. ಅದಕ್ಕೆ ಎರಡು ವಾರ ಮುಂಚೆ ಸಭೆ ಸೇರಿ, ಯಾರ ಮನಸ್ಸಿನಲ್ಲಾದರೂ ಯಾರ ಮೇಲಾದರೂ ಮುನಿಸಿದೆಯೇ ಎಂದು ಕೇಳುತ್ತಾರೆ. ಇದ್ದರೆ ಹೋಗಿ ಸರಿಮಾಡಿಕೊಂಡು ಬರಬೇಕು. ಸಭೆಯಲ್ಲಿ ಒಡಕು ಉಳಿದರೆ ಭೋಜನವನ್ನೇ ಮುಂದೂಡುತ್ತಾರೆ. ಅಂದು ಜೋಡಿ ಜೋಡಿಯಾಗಿ ಒಬ್ಬರ ಕಾಲನ್ನೊಬ್ಬರು ತೊಳೆಯುತ್ತಾರೆ. ಬೇಲಿ ದಾಟಿದ ದನ, ಕೊಟ್ಟು ಮರಳದ ಸಾಲ, ಆಡಿಹೋದ ಮಾತು, ಇಂಥ ಚಿಲ್ಲರೆ ಮುನಿಸುಗಳ ಮೇಲೆ ವರ್ಷಕ್ಕೆರಡು ಬಾರಿಯಂತೆ ಕ್ಷಮೆಯ ಅಭ್ಯಾಸ. ನಿಕಲ್ ಮೈನ್ಸ್‌ನಲ್ಲಿ ಗುಂಡು ಹಾರಿದಾಗ ಅಕ್ಟೋಬರ್ ತಿಂಗಳು, ಆ ಸುಗ್ಗಿಯ ಸರದಿ ಬಂದಿದ್ದ ಕಾಲವೇ.

ಈಗ ನಿಮ್ಮ ಪ್ರಶ್ನೆಗೆ ಬರೋಣ. ಕೆಲವೇ ಗಂಟೆಯಲ್ಲಿ ಕ್ಷಮಿಸಲು ಆಗುತ್ತದೆಯೇ? ಅವರು ಆ ಸೋಮವಾರ ಸಂಜೆ ಕೂತು ಚರ್ಚಿಸಿ ತೀರ್ಮಾನ ಮಾಡಲಿಲ್ಲ. ತೀರ್ಮಾನ ನಾನ್ನೂರ ಎಂಬತ್ತು ವರ್ಷದ ಹಿಂದೆಯೇ ಆಗಿತ್ತು. ಅದನ್ನು ಪಾಲಿಸುವುದೊಂದೇ ಬಾಕಿ. ಅದೂ ಒಬ್ಬೊಬ್ಬರೇ ಪಾಲಿಸಿದ್ದಲ್ಲ. ಮಗಳನ್ನು ಕಳೆದುಕೊಂಡ ತಾಯಿ ಆ ಸಂಜೆ ಎದ್ದು ಕೊಂದವನ ಮನೆಗೆ ನಡೆಯಲಿಲ್ಲ. ಮೊದಲು ಹೋದವರು ನೆರೆಹೊರೆಯವರು. ತಾಯಿಯ ಪಾಲಿನ ಭಾರವನ್ನು ಅಷ್ಟು ಹೊತ್ತು ಸಮುದಾಯ ಹೊತ್ತಿತು. ಅದೇ ಹೊತ್ತಿಗೆ ಬೇರೆ ನೆರೆಯವರು ಆ ಮನೆಗಳ ಹಸುಗಳ ಹಾಲು ಕರೆದರು, ಅಡುಗೆ ಮಾಡಿದರು, ಶವಪೆಟ್ಟಿಗೆ ಮಾಡಿಸುವುದರಿಂದ ಗುಂಡಿ ತೋಡುವವರೆಗೆ ಎಲ್ಲ ನೋಡಿಕೊಂಡರು. ನಮ್ಮಲ್ಲೂ ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ಪಕ್ಕದ ಮನೆಯವರು ಅನ್ನ ಸಾರು ತರುತ್ತಾರೆ. ಆದರೆ ಹನ್ನೊಂದು ದಿನ ಕಳೆದ ಮೇಲೆ ನಿಮ್ಮ ಮನೆಗೆ ಎಷ್ಟು ಜನ ಬಂದರು? ವರ್ಷದ ತಿಥಿಗೆ? ಈಗ ಕ್ಷಮಿಸು ಎಂದು ಸಂದೇಶ ಕಳಿಸಿದ ನಿಮ್ಮ ದೊಡ್ಡಪ್ಪನ ಮಗ ನಿಮ್ಮ ತಮ್ಮನ ಹೊಲ ಉತ್ತು ಕೊಟ್ಟಿದ್ದಾನೆಯೇ, ಅವನ ಮಕ್ಕಳ ಶಾಲೆಯ ಫೀಸು ಕಟ್ಟಿದ್ದಾನೆಯೇ? ನನಗೆ ಗೊತ್ತಿಲ್ಲದೆ ದೂರಬಾರದು. ಆದರೆ ಆಮಿಶರನ್ನು ನೋಡಿ ಕಲಿಯಬೇಕಾದವರ ಸಾಲಿನಲ್ಲಿ ನೀವು ಕೊನೆಯವರು. ಊರು ಮೊದಲು.

ಇನ್ನೊಂದು ಮಾತು. ಅವರು ಹೇಳುವ ಕ್ಷಮೆ ಮನಸ್ಸಿನ ನೋವು ಆರಿತು ಎಂಬ ಸುದ್ದಿಯಲ್ಲ. ಸೇಡು ತೀರಿಸುವುದಿಲ್ಲ, ಕೇಡು ಬಯಸುವುದಿಲ್ಲ, ಅವನ ಮನೆಯವರನ್ನು ಹಗೆಯಂತೆ ಕಾಣುವುದಿಲ್ಲ ಎಂಬ ನಿರ್ಧಾರ ಅದು. ಎವರೆಟ್ ವರ್ದಿಂಗ್ಟನ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ಕ್ಷಮೆಯನ್ನೇ ತಮ್ಮ ಅಧ್ಯಯನದ ವಿಷಯ ಮಾಡಿಕೊಂಡವರು. ಅವರ ತಾಯಿಯೇ ಮನೆಗೆ ನುಗ್ಗಿದ ಕಳ್ಳನಿಂದ ಕೊಲೆಯಾದರು. ನಿರ್ಧಾರದ ಕ್ಷಮೆ ಬೇರೆ, ಭಾವನೆಯ ಕ್ಷಮೆ ಬೇರೆ ಎಂದು ಅವರು ವಿಂಗಡಿಸುತ್ತಾರೆ. ಮೊದಲನೆಯದು ಒಂದು ದಿನದಲ್ಲಿ ಆಗಬಹುದು. ಎರಡನೆಯದು ಬರಲು ವರ್ಷಗಳು ಬೇಕು. ನಿಕಲ್ ಮೈನ್ಸ್‌ನ ಕುಟುಂಬಗಳೂ ಇದನ್ನೇ ಹೇಳಿಕೊಂಡಿವೆ. ಸಿಟ್ಟು ಮತ್ತೆ ಮತ್ತೆ ಬರುತ್ತದೆ, ದಿನವೂ ಹೊಸದಾಗಿ ಕ್ಷಮಿಸಬೇಕಾಗುತ್ತದೆ ಎಂದು. ಬದುಕಿ ಉಳಿದ ಮಕ್ಕಳು ರಾತ್ರಿ ಬೆಚ್ಚಿ ಏಳುತ್ತಿದ್ದರು. ಹೊರಗೆ ಕಳಿಸಲ್ಪಟ್ಟ ಗಂಡುಹುಡುಗರನ್ನು, ತಾವು ಏನೂ ಮಾಡದೆ ಬಂದುಬಿಟ್ಟೆವಲ್ಲ ಎಂಬ ಕೊರಗು ಕಾಡಿತು. ಆಮಿಶರು ಕಾರು ಇಟ್ಟುಕೊಳ್ಳದವರು, ಮನೆಗೆ ಕರೆಂಟಿನ ತಂತಿ ಎಳೆಸದವರು. ಆದರೆ ಹೊರಗಿನ ಮನೋವೈದ್ಯ ಸಲಹೆಗಾರರ ಬಳಿ ಹೋಗಲು ಹಿಂಜರಿಯಲಿಲ್ಲ. ಕ್ಷಮಿಸಿದ್ದೇವೆ, ಇನ್ನು ಅಳಬಾರದು ಎಂದು ಯಾರೂ ಹೇಳಲಿಲ್ಲ.

ಆ ಶಾಲೆಯನ್ನು ಏನು ಮಾಡಿದರು ಗೊತ್ತೇ? ಘಟನೆಯಾದ ಹತ್ತನೇ ದಿನ, ಅಕ್ಟೋಬರ್ 12ರ ಬೆಳಗಿನ ಜಾವ, ನೆಲಸಮ ಮಾಡಿದರು. ಅದಿದ್ದ ಜಾಗದಲ್ಲಿ ಹುಲ್ಲು ಬೆಳೆಯಲು ಬಿಟ್ಟರು. ಕಲ್ಲು ನೆಟ್ಟು ಹೆಸರು ಕೆತ್ತಿಸಲಿಲ್ಲ. ಸರಿಯಾಗಿ ಆರು ತಿಂಗಳಿಗೆ, 2007ರ ಏಪ್ರಿಲ್ 2ರಂದು, ಹತ್ತಿರದಲ್ಲೇ ಬೇರೆ ಆಕಾರದ ಹೊಸ ಶಾಲೆ ತೆರೆಯಿತು, ನ್ಯೂ ಹೋಪ್ ಎಂದು ಹೆಸರು. ಕ್ಷಮಿಸಿದವರಿಗೂ ಆ ಕೋಣೆಯೊಳಗೆ ಮಕ್ಕಳನ್ನು ಮತ್ತೆ ಕಳಿಸಲು ಆಗಲಿಲ್ಲ. ನಿಮಗೆ ಆ ಹೊಲದ ಬದುವಿನ ಹತ್ತಿರ ಹೋಗಲು ಆಗದಿದ್ದರೆ, ಆ ತಾಯಿಯ ಮುಖ ನೋಡಲು ಆಗದಿದ್ದರೆ, ಅದು ಇದೇ ಜಾತಿಯ ನೋವು.

ರಾಜಿಯ ವಿಷಯ. ಇಲ್ಲಿ ನಿಮ್ಮ ಬಂಧುಗಳು ದೊಡ್ಡ ತಪ್ಪು ಮಾಡುತ್ತಿದ್ದಾರೆ. ಆಮಿಶರ ನಂಬಿಕೆಯಲ್ಲಿ ಕ್ಷಮಿಸುವುದು ಮನುಷ್ಯನ ಕೆಲಸ, ದಂಡಿಸುವುದು ಪ್ರಭುತ್ವದ ಕೆಲಸ. ಅವರ ಪೂರ್ವಜರು 1527ರಲ್ಲಿ ಶ್ಲೈಟ್‌ಹೈಮ್ ಎಂಬಲ್ಲಿ ಒಪ್ಪಿಕೊಂಡ ಏಳು ಸೂತ್ರಗಳಲ್ಲೇ ಇದಿದೆ. ಕೆಟ್ಟವರನ್ನು ಶಿಕ್ಷಿಸಲು ದೇವರು ಅರಸರಿಗೆ ಕತ್ತಿ ಕೊಟ್ಟಿದ್ದಾನೆ, ನಾವು ಮಾತ್ರ ಅದನ್ನು ಹಿಡಿಯುವುದಿಲ್ಲ ಎಂದು. 1957ರಲ್ಲಿ ಒಹಾಯೊ ರಾಜ್ಯದ ಹೋಮ್ಸ್ ಕೌಂಟಿಯಲ್ಲಿ ದರೋಡೆಗೆ ಬಂದ ಇಬ್ಬರಿಂದ ಒಬ್ಬ ಆಮಿಶ್ ಯುವಕ ಕೊಲೆಯಾದ. ಗುಂಡು ಹಾರಿಸಿದವನಿಗೆ ಮರಣದಂಡನೆ ವಿಧಿಸಿದರು. ಅವನನ್ನು ಕೊಲ್ಲಬೇಡಿ ಎಂದು ಆಮಿಶರು ಗವರ್ನರಿಗೆ ಮೊರೆಯಿಟ್ಟರು, 1958ರಲ್ಲಿ ಶಿಕ್ಷೆ ಜೀವಾವಧಿಗೆ ಇಳಿಯಿತು. ಜೀವ ಉಳಿಸಿ ಎಂದು ಕೇಳಿದರೇ ಹೊರತು, ಜೈಲಿನಿಂದ ಬಿಟ್ಟುಬಿಡಿ ಎಂದಲ್ಲ. ಕ್ಷಮೆ ಬೇರೆ, ಶಿಕ್ಷೆಯಿಂದ ಬಿಡುಗಡೆ ಬೇರೆ, ಮತ್ತೆ ಒಂದಾಗುವುದು ಇನ್ನೂ ಬೇರೆ. ವಾಟ್ಸ್ಆಪ್ ಸಂದೇಶ ಈ ಮೂರನ್ನೂ ಒಂದೇ ಪಾತ್ರೆಗೆ ಸುರಿದು ಕಲಸಿದೆ.

ನಮ್ಮ ಕಾನೂನಿನಲ್ಲೂ ಕೊಲೆ ರಾಜಿಯಾಗುವ ಅಪರಾಧವಲ್ಲ. ಅಲ್ಲಿ ಕೇಸು ನಡೆಸುವುದು ಸರ್ಕಾರ, ನೀವಲ್ಲ. ನೀವು ಸಾಕ್ಷಿ. ಹಾಗಾಗಿ 'ರಾಜಿ ಮಾಡಿಕೋ' ಎಂಬ ಮಾತಿನ ಅರ್ಥ ಒಂದೇ ಆಗಬಲ್ಲದು: ಕೋರ್ಟಿನಲ್ಲಿ ಕಂಡದ್ದನ್ನು ಕಂಡಿಲ್ಲ ಎನ್ನು. ಅದು ಕ್ಷಮೆಯಲ್ಲ, ಸುಳ್ಳು. ನೀವು ನಾಳೆ ಆರೋಪಿಯನ್ನು ಮನಸಾರೆ ಕ್ಷಮಿಸಿದರೂ, ಕಟಕಟೆಯಲ್ಲಿ ನಿಂತು ಕಂಡದ್ದನ್ನು ಕಂಡಂತೆ ಹೇಳಬಹುದು. ಎರಡಕ್ಕೂ ವಿರೋಧವಿಲ್ಲ. ಯಾರಾದರೂ ಹೆದರಿಸಿದರೆ ಸರ್ಕಾರಿ ವಕೀಲರಿಗೆ ತಕ್ಷಣ ಬರವಣಿಗೆಯಲ್ಲಿ ಕೊಡಿ. ಸಾಕ್ಷಿಯನ್ನು ಬೆದರಿಸಿದರೆ ಜಾಮೀನು ರದ್ದಾಗಬಹುದು. 2018ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿದ ಸಾಕ್ಷಿಗಳ ರಕ್ಷಣೆಯ ಯೋಜನೆಯೂ ಇದೆ. ಅದರ ಕೆಳಗೆ ರಕ್ಷಣೆ ಕೇಳುವ ಬಗೆಯನ್ನು ವಕೀಲರು ತಿಳಿಸುತ್ತಾರೆ.

ಒಂದು ವ್ಯತ್ಯಾಸವನ್ನೂ ಮರೆಯಬೇಡಿ. ನಿಕಲ್ ಮೈನ್ಸ್‌ನಲ್ಲಿ ಕೊಂದವನು ಸತ್ತಿದ್ದ. ಅವನನ್ನು ಕೋರ್ಟಿನಲ್ಲಿ ನೋಡಬೇಕಿರಲಿಲ್ಲ, ಅವನ ವಕೀಲರು ಸತ್ತ ಮಕ್ಕಳ ಮೇಲೆ ಏನೇನೋ ಹೊರಿಸುವುದನ್ನು ಕೇಳಬೇಕಿರಲಿಲ್ಲ, ಅವನು ಬೈಕಿನ ಮೇಲೆ ಮನೆ ಮುಂದೆ ಹಾದುಹೋಗುವುದನ್ನು ನೋಡಬೇಕಿರಲಿಲ್ಲ. ನಿಮ್ಮದು ಇನ್ನೂ ನಡೆಯುತ್ತಿರುವ ಗಾಯ. ಅವರಿಗಿಂತ ನಿಮ್ಮ ದಾರಿ ಕಡಿದು.

ಇಷ್ಟು ಹೇಳಿದ ಮೇಲೆ, ಆಮಿಶರ ಈ ಕ್ಷಮೆಯ ಇನ್ನೊಂದು ಮುಖವನ್ನೂ ಹೇಳದಿದ್ದರೆ ನಾನು ನಿಮಗೆ ಅನ್ಯಾಯ ಮಾಡಿದಂತೆ. ಸಭೆಯೊಳಗಿನವನೇ ತಪ್ಪು ಮಾಡಿದಾಗ ಅವರ ಕ್ರಮ ಹೀಗಿದೆ: ಅವನು ಎಲ್ಲರ ಮುಂದೆ ಒಪ್ಪಿಕೊಳ್ಳಬೇಕು, ತಪ್ಪು ದೊಡ್ಡದಾದರೆ ಕೆಲವು ವಾರ ದೂರ ಇಡುತ್ತಾರೆ, ಆಮೇಲೆ ಮತ್ತೆ ಸೇರಿಸಿಕೊಳ್ಳುತ್ತಾರೆ. ಅಲ್ಲಿಗೆ ಅದು ಮುಗಿಯಿತು, ಮತ್ತೆ ಎತ್ತಬಾರದು. ಬೇಲಿಯ ಜಗಳಕ್ಕೆ ಇದು ಒಳ್ಳೆಯ ಪದ್ಧತಿ. ಆದರೆ ಮನೆಯೊಳಗೆ ಹೆಣ್ಣುಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ಮಾಡಿದವರಿಗೂ ಇದನ್ನೇ ಅನ್ವಯಿಸಿದ ಪ್ರಕರಣಗಳು ಒಂದೊಂದಾಗಿ ಹೊರಬಂದಿವೆ. ಅವನು ತಪ್ಪೊಪ್ಪಿಕೊಂಡಿದ್ದಾನೆ, ನೀನು ಕ್ಷಮಿಸಬೇಕು, ಪೊಲೀಸರ ಬಳಿ ಹೋದರೆ ನೀನೇ ಕ್ಷಮಿಸದ ಪಾಪಿ ಎಂದು ಆ ಹುಡುಗಿಯರ ಬಾಯಿ ಕಟ್ಟಿದರು. ಅವರಲ್ಲಿ ಕೆಲವರು ಸಮುದಾಯವನ್ನೇ ಬಿಟ್ಟು ಬಂದು ಮಾತಾಡಿದ್ದಾರೆ. ಡಿರ್ಕ್‌ನ ಕಥೆಯನ್ನು ಹೇಳಿದ ಬಾಯಲ್ಲೇ ಇದನ್ನೂ ಹೇಳುವುದು ನನಗೆ ಕಷ್ಟ. ಆದರೆ ಒಂದೇ ಬೇರಿನಿಂದ ಎರಡೂ ಬಂದಿವೆ. ನೊಂದವರು ತಾವಾಗಿ ಕೊಟ್ಟ ಕ್ಷಮೆ ನಿಕಲ್ ಮೈನ್ಸ್ ಕಂಡಿತು. ಬೇರೆಯವರು ಅವರ ಕೈಯಿಂದ ಕಿತ್ತುಕೊಂಡ ಕ್ಷಮೆ ಈ ಹುಡುಗಿಯರ ಪಾಲಿಗೆ ಬಂತು. ನಿಮ್ಮ ಫೋನಿಗೆ ಬಂದ ಸಂದೇಶ ಯಾವುದರ ಹತ್ತಿರ ಇದೆ, ನೀವೇ ನೋಡಿ.

ಕೊನೆಗೆ, ಸಂತೆಯಲ್ಲಿ ಎದುರಾಗುವ ಆ ತಾಯಿಯ ಮಾತು. ಅದನ್ನು ನಾನು ಬೇಕೆಂದೇ ಕೊನೆಗೆ ಇಟ್ಟುಕೊಂಡೆ, ಏಕೆಂದರೆ ನಿಕಲ್ ಮೈನ್ಸ್‌ನ ಕಥೆಯಲ್ಲಿ ನನ್ನನ್ನು ಹೆಚ್ಚು ಅಲುಗಿಸಿದ್ದು ಕೊಂದವನ ತಾಯಿಯೇ. ಅವಳ ಗಂಡ ಪೊಲೀಸ್ ಕೆಲಸದಿಂದ ನಿವೃತ್ತನಾಗಿ, ಕಾರಿಲ್ಲದ ಆಮಿಶರನ್ನು ತನ್ನ ಗಾಡಿಯಲ್ಲಿ ಊರಿಂದೂರಿಗೆ ಕರೆದೊಯ್ಯುವ ಕೆಲಸ ಮಾಡುತ್ತಿದ್ದ. ಇನ್ನು ಅವರಿಗೆ ಹೇಗೆ ಮುಖ ತೋರಿಸಲಿ ಎಂದು ಕುಸಿದು ಕೂತಿದ್ದವನ ಭುಜದ ಮೇಲೆ ಆಮಿಶ್ ನೆರೆಯವನೊಬ್ಬ ಬಂದು ಕೈಯಿಟ್ಟ. ಕೆಲವು ತಿಂಗಳ ನಂತರ ಆ ತಾಯಿ ಗಾಯಗೊಂಡ ಮಕ್ಕಳ ಮನೆಗಳಿಗೆ ಹೋಗತೊಡಗಿದಳು. ಅವರಲ್ಲಿ ಒಬ್ಬ ಹುಡುಗಿಗೆ ತಲೆಗೆ ಪೆಟ್ಟಾಗಿ ನಡೆಯಲು, ಮಾತಾಡಲು ಆಗುತ್ತಿರಲಿಲ್ಲ, ಗಾಲಿಕುರ್ಚಿಯೇ ಗತಿ. ವಾರಕ್ಕೊಂದು ಸಂಜೆ ಈ ಮಗುವಿನ ಸೇವೆ ನನಗೆ ಕೊಡುವಿರಾ ಎಂದು ಕೇಳಿದಳು. ಅವರು ಒಪ್ಪಿದರು. ತನ್ನ ಮಗ ಗುಂಡು ಹೊಡೆದ ಹುಡುಗಿಗೆ ವರ್ಷಗಟ್ಟಲೆ ಸ್ನಾನ ಮಾಡಿಸಿದಳು, ಓದಿ ಹೇಳಿದಳು, ಹಾಡಿದಳು. ಮಗನನ್ನು ತಾನು ಕ್ಷಮಿಸುವುದೂ ಅವಳಿಗೆ ಸುಲಭವಾಗಿರಲಿಲ್ಲ. 2017ರಲ್ಲಿ ಕ್ಯಾನ್ಸರಿನಿಂದ ತೀರಿಕೊಂಡಳು.

ಇಲ್ಲಿ ಗಮನಿಸಿ. ಆಮಿಶರು ಅವಳ ಮನೆಗೆ ಹೋದದ್ದು ನಿಜ. ಅವಳೂ ತನ್ನ ಮಗ ಮಾಡಿದ್ದನ್ನು ಒಂದು ಕ್ಷಣವೂ ಅಲ್ಲಗಳೆಯಲಿಲ್ಲ, ಬಾಗಿ ಬಂದಳು, ಕೆಲಸ ಕೇಳಿ ಮಾಡಿದಳು. ನಿಮ್ಮೂರಿನ ಆ ತಾಯಿ ಏನು ಮಾಡಿದ್ದಾಳೆ ಎಂದು ನೀವು ಬರೆದಿಲ್ಲ. ಮಗನ ಪರ ನಿಂತು ನಿಮ್ಮನ್ನೇ ಬೈಯುತ್ತಿರಬಹುದು. ಇಲ್ಲವೇ ನಿಮ್ಮನ್ನು ಕಂಡು ಅವಳಿಗೂ ಮೈ ನಡುಗುತ್ತಿರಬಹುದು. ಮೊದಲನೆಯದಾದರೆ ದೂರ ಇರಿ, ಅದರಲ್ಲಿ ಪಾಪವೇನೂ ಇಲ್ಲ. ಎರಡನೆಯದಾದರೂ ನೀವು ಇವತ್ತೇ ಏನೂ ಮಾಡಬೇಕಿಲ್ಲ. ಮಾತಾಡಿಸುವುದೂ ಬೇಡ, ನಗುವುದೂ ಬೇಡ. ಅವಳಿಗೆ ಕೆಟ್ಟದ್ದಾಗಲಿ ಎಂದು ಬಯಸದೆ ಸಂತೆಯಲ್ಲಿ ಅವಳ ಮುಂದಿನಿಂದ ದಾಟಿ ಹೋಗಲು ಒಂದು ದಿನ ಆದರೆ, ಅಷ್ಟೇ ಬಹಳ. ಆಗದ ದಿನ ಬೇರೆ ಬೀದಿಯಿಂದ ಹೋಗಿ.

ಸಾಕ್ಷಿಯ ದಿನಾಂಕ ಬಂದಾಗ ಕೋರ್ಟಿಗೆ ಒಬ್ಬರೇ ಹೋಗಬೇಡಿ. ಮೈದುನನೋ, ಗೆಳತಿಯೋ, ಸ್ವಸಹಾಯ ಸಂಘದ ಅಕ್ಕಂದಿರೋ, ಯಾರಾದರೂ ಇಬ್ಬರು ಪಕ್ಕದಲ್ಲಿ ಕೂತಿರಲಿ. ನಿಮ್ಮ ದೊಡ್ಡಪ್ಪನ ಮಗನಿಗೆ ಈ ಉತ್ತರವನ್ನು ಕಳಿಸಿ, ಅವತ್ತು ನಿಮ್ಮನ್ನು ಕೋರ್ಟಿಗೆ ಕರೆದುಕೊಂಡು ಹೋಗಲು ಅವನನ್ನೇ ಕೇಳಿ ನೋಡಿ.